ಗುಡ್ಡಕ್ಕೆ ಹೋಗದೆ, ಬೆಂಗಳೂರಿನಲ್ಲೇ ಕೂತು ಭೂಕುಸಿತದ ಮೇಲೆ ಪಿಎಚ್‌ಡಿ ಮಾಡಬಹುದಾ? ಹಿಮಾಲಯ ಒಳ್ಳೆಯದಾ, ಪಶ್ಚಿಮ ಘಟ್ಟವಾ?

ಸಿವಿಲ್ ಕೊನೆಯ ವರ್ಷ, ಮಷೀನ್ ಲರ್ನಿಂಗ್ ಬರುತ್ತೆ, ಸ್ಯಾಟಲೈಟ್ ಡೇಟಾ ಪುಕ್ಕಟೆ ಸಿಗುತ್ತೆ, ಮತ್ತೆ ಗುಡ್ಡ ಯಾಕೆ ಹತ್ತಬೇಕು ಅಂತ ಕೇಳಿದ್ದೀರಿ. ನಿಮ್ಮ ಹೆಸರು ನೋಡದೆ ಓದಿದ್ದರೆ ಇದು ನಾನೇ ಹಿಂದೆ ಯಾವಾಗಲೋ ಬರೆದದ್ದು ಅಂದುಕೊಳ್ಳುತ್ತಿದ್ದೆ.

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ನಾನು ಮತ್ತಿಕೆರೆಯ ಪಿಜಿಯಲ್ಲಿ ಕೂತು ಟಿವಿ ನೋಡುತ್ತಿದ್ದೆ. ಜೋಡುಪಾಲ, ಮಕ್ಕಂದೂರು, ಹೆಬ್ಬಟ್ಟಗೇರಿ. ಅಲ್ಲಿಯವರೆಗೆ ಇವುಗಳಲ್ಲಿ ಒಂದು ಊರಿನ ಹೆಸರೂ ಕೇಳಿರಲಿಲ್ಲ. ಮುಂದಿನ ವರ್ಷವೇ ಪಿಎಚ್‌ಡಿಗೆ ಸೇರಿದೆ. ಎಷ್ಟು ಮಳೆ ಬಂದರೆ ಗುಡ್ಡ ಜಾರುತ್ತೆ ಅನ್ನುವುದು ನನ್ನ ವಿಷಯ.

ಪ್ರಶ್ನೆ ಹಳೆಯದು. 1980ರಲ್ಲಿ ಕೇನ್ ಎಂಬ ವಿಜ್ಞಾನಿ ಜಗತ್ತಿನ ಬೇರೆ ಬೇರೆ ಕಡೆಯ ಭೂಕುಸಿತಗಳನ್ನು ಒಟ್ಟು ಹಾಕಿ ಒಂದು ಗೆರೆ ಎಳೆದರು. ಮಳೆ ಎಷ್ಟು ಹೊತ್ತು ಬಂತು, ಗಂಟೆಗೆ ಎಷ್ಟು ಬಂತು, ಎರಡೇ ಲೆಕ್ಕ. ಅವರ ಸೂತ್ರದಲ್ಲಿ 24 ಗಂಟೆಯ ಮಳೆಗೆ ಹಾಕಿ ನೋಡಿದರೆ ಗಂಟೆಗೆ ಸುಮಾರು 4.3 ಮಿ.ಮೀ. ಬರುತ್ತೆ, ಅಂದರೆ ದಿನಕ್ಕೆ 100 ಮಿ.ಮೀ. ದಾಟಿದರೆ ಹುಷಾರು. ಜುಲೈನಲ್ಲಿ ಭಾಗಮಂಡಲದಲ್ಲಿ ಅಷ್ಟು ಮಳೆ ಬಂದರೆ ಜನ ಕೊಡೆ ಹಿಡಿದು ಅಂಗಡಿಗೆ ಹೋಗಿ ಬರುತ್ತಾರೆ. ಹಾಗಾಗಿ ನಮ್ಮ ಘಟ್ಟಕ್ಕೆ ನಮ್ಮದೇ ಗೆರೆ ಬೇಕು. ಅದಕ್ಕೆ ಎರಡು ಪಟ್ಟಿ ಸಾಕು ಅಂದುಕೊಂಡೆ: ಗುಡ್ಡ ಜಾರಿದ ದಿನಗಳು ಮತ್ತು ದಿನದ ಮಳೆ.

ಮೊದಲನೆಯದನ್ನು ಹಳೆಯ ಪತ್ರಿಕೆಗಳಿಂದ ತೆಗೆದೆ. 'ಬರೆ ಕುಸಿತ', 'ಗುಡ್ಡ ಕುಸಿತ', 'ಧರೆ ಕುಸಿದು ರಸ್ತೆ ಬಂದ್', ಈ ಮೂರು ಮಾತು (ಬರೆ, ಧರೆ ಅಂದರೆ ಗುಡ್ಡದ ಬದಿಯ ಕಡಿದಾದ ಮಣ್ಣಿನ ಗೋಡೆ) ಹುಡುಕಿದರೆ ಮಲೆನಾಡಿನ ಅರ್ಧ ಮಳೆಗಾಲ ಸಿಕ್ಕುಬಿಡುತ್ತೆ. ಮಳೆಯನ್ನು ಸರಕಾರಿ ಮಾಪಕದಿಂದಲೂ ಸ್ಯಾಟಲೈಟಿನಿಂದಲೂ ತೆಗೆದೆ. ಅಷ್ಟರಲ್ಲಿ ಕೋವಿಡ್ ಬಂತು, ಫೀಲ್ಡಿಗೆ ಹೋಗದೆ ಇರಲು ಗೌರವದ ನೆಪವೂ ಸಿಕ್ಕಿತು. ಎರಡು ವರ್ಷ ರೂಮಿನಲ್ಲೇ ಕೂತು, ಮಳೆ ನೋಡಿ ಗುಡ್ಡ ಜಾರುತ್ತಾ ಇಲ್ಲವಾ ಅಂತ ಹೇಳುವ ಕಂಪ್ಯೂಟರ್ ಮಾಡೆಲ್ ತಿದ್ದಿದೆ. ಫಲಿತಾಂಶ ನೋಡಿದರೆ, ಹತ್ತು ಭೂಕುಸಿತದಲ್ಲಿ ಒಂಬತ್ತನ್ನು ಸರಿಯಾಗಿ ಹಿಡಿಯುತ್ತಿತ್ತು! ಪೇಪರ್ ಬರೆದು ಕಳಿಸಿಯೂ ಬಿಟ್ಟೆ.

ಆಮೇಲೆ, 2022ರಲ್ಲಿ, ಮೈಸೂರು ರಸ್ತೆ ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಬಸ್ ಹತ್ತಿ ಮಡಿಕೇರಿಗೆ ಹೋದೆ. ಕಲಿಯೋಕೆ ಅಲ್ಲ, ಸತ್ಯ ಹೇಳಬೇಕೆಂದರೆ ತೋರಿಸಿಕೊಳ್ಳೋಕೆ. ಗೆಳತಿಯ ಸೋದರಮಾವನ ಕಾಫಿ ತೋಟ. ಅವರಿಗೆ ಎಂಬತ್ತರ ಆಸುಪಾಸು. ಮನೆ ಎದುರು ಕಾಫಿ ಒಣಗಿಸುವ ಕಣ, ಕಣದ ಮೂಲೆಯಲ್ಲಿ ಮಳೆಮಾಪಕ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅದರ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಒಳಗೆ ಹೋಗಿ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾರೆ. ಅಲ್ಲಿ ಮಿಲಿಮೀಟರ್ ನಡೆಯೋದಿಲ್ಲ. ಇಂಚು, ಸೆಂಟು. ಇಂಚಿಗೆ ನೂರು ಸೆಂಟು. ಕಾಫಿ ಹೂ ಅರಳಿಸುವ ಹೂಮಳೆ ಬಂದ ದಿನಕ್ಕೆ ಮಾತ್ರ ಕೆಂಪು ಶಾಯಿ, ಬೇಸಿಗೆಯ ಆ ಒಂದು ಮಳೆಯ ಮೇಲೆ ವರ್ಷದ ಫಸಲು ನಿಂತಿರುತ್ತಲ್ಲ.

ನಾನು ಲ್ಯಾಪ್‌ಟಾಪ್ ತೆಗೆದು, "ನೋಡಿ ಅಂಕಲ್, ನಿಮ್ಮ ತೋಟದ ಕೆಳಗೆ ಬರೆ ಜಾರಿದ ದಿನ ಇಷ್ಟು ಮಳೆ ಬಿದ್ದಿತ್ತು" ಅಂದೆ.

ಅವರು ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿದರು. "ಬರೆ ಜಾರಿದ್ದು ಬೆಳಿಗ್ಗೆ ಆರೂವರೆಗೆ ಅಲ್ವಾ ಮಾರಾಯ್ತಿ? ಹಾಲು ಕರೀಲಿಕ್ಕೆ ಹೋದವ ಓಡಿ ಬಂದ. ನೀನು ಹೇಳುವ ಮಳೆ ಹೊಯ್ದದ್ದು ಅವತ್ತು ಮಧ್ಯಾಹ್ನದ ಮೇಲೆ. ಅದರಿಂದಾಗಿಯೇ ಜೆಸಿಬಿ ತರಲಿಕ್ಕೆ ಆಗಲಿಲ್ಲ ನಮಗೆ."

ನನಗೆ ತಕ್ಷಣ ಅರ್ಥ ಆಗಲಿಲ್ಲ. ರಾತ್ರಿ ಮಲಗಿದ ಮೇಲೆ ಆಯಿತು. ಆಮೇಲೆ ನಿದ್ದೆ ಬರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಗುಡ್ಡ ಜಾರಿದ್ದು 17ನೇ ತಾರೀಖು ಬೆಳಿಗ್ಗೆ 6:30ಕ್ಕೆ ಅಂತಿಟ್ಟುಕೊಳ್ಳಿ. ಪತ್ರಿಕೆಯಲ್ಲಿ ಸುದ್ದಿ ಬರೋದು 18ಕ್ಕೆ. ಸುದ್ದಿಯ ಒಳಗೆ 'ಶುಕ್ರವಾರ ಬೆಳಿಗ್ಗೆ' ಅಂತ ಇರುತ್ತೆ. ಆದರೆ ನಾನು ನೂರಾರು ಸುದ್ದಿ ಒಂದೇ ಸಮನೆ ತುಂಬುತ್ತಾ ಹೋದವಳು, ಪುಟದ ಮೇಲಿದ್ದ ತಾರೀಖನ್ನೇ ಹಾಕಿಕೊಂಡಿದ್ದೆ. ಅಲ್ಲಿಗೆ ಒಂದು ದಿನ ಮುಂದೆ ಹೋಯಿತು. ಇನ್ನು ಮಳೆ. ನಮ್ಮ ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತೆ. 18ರ ಮಳೆ ಅಂತ ಬರೆದಿದ್ದರೆ ಅದು 17ರ ಬೆಳಿಗ್ಗೆ 8:30ರಿಂದ 18ರ ಬೆಳಿಗ್ಗೆ 8:30ರವರೆಗೆ ಬಿದ್ದದ್ದು. ಈಗ ಎರಡನ್ನೂ ಜೋಡಿಸಿ. ನನ್ನ ಮಾಡೆಲ್ 'ಜಾರಿದ ದಿನದ ಮಳೆ' ಅಂತ ತೆಗೆದುಕೊಂಡದ್ದರಲ್ಲಿ ಒಂದೇ ಒಂದು ಹನಿಯೂ ಗುಡ್ಡ ಜಾರುವ ಮುಂಚಿನದಲ್ಲ. ಅಷ್ಟೂ ಜಾರಿದ ಮೇಲೆ ಬಿದ್ದ ಮಳೆ. ಹೆಣ ಹೂತ ಮೇಲೆ ಕೊಟ್ಟ ಔಷಧಿಯ ಲೆಕ್ಕ ಇಟ್ಟುಕೊಂಡು ವೈದ್ಯ ಮಾಡಿದ ಹಾಗೆ.

ಸ್ಯಾಟಲೈಟ್‌ದು ಇನ್ನೊಂದು ಕಥೆ. ಅದರ ದಿನ ಗ್ರೀನಿಚ್ ಗಡಿಯಾರದ್ದು, ನಮಗೆ ಬೆಳಿಗ್ಗೆ 5:30ಕ್ಕೆ ಶುರು. ಅಂಕಲ್ ಏಳು ಗಂಟೆಗೆ ಅಳೆದದ್ದನ್ನು ಹಿಂದಿನ ದಿನದ ಸಾಲಿನಲ್ಲಿ ಬರೆಯುತ್ತಾರೆ, 'ನಿನ್ನೆ ಬಂದ ಮಳೆ ಅಲ್ವಾ' ಅನ್ನುವುದು ಅವರ ವಾದ. ನನಗೆ ಅದೇ ಸರಿ ಕಾಣುತ್ತೆ. ಆದರೆ ಆ ಒಂದೇ ರಾತ್ರಿಯ ಮಳೆ ಅವರ ಪುಸ್ತಕದಲ್ಲಿ 16, ಸ್ಯಾಟಲೈಟಿನಲ್ಲಿ 16, ಇಲಾಖೆಯಲ್ಲಿ 17. ಅದರಿಂದ ಜಾರಿದ ಗುಡ್ಡ ನನ್ನ ಎಕ್ಸೆಲ್‌ನಲ್ಲಿ 18.

ಮತ್ತೆ ಮಾಡೆಲ್ ಯಾಕೆ ಅಷ್ಟು ಚೆನ್ನಾಗಿ ಕಂಡಿತು? ಮಳೆ ಹಿಡಿದರೆ ಮೂರು ನಾಲ್ಕು ದಿನ ಬಿಡದೆ ಹೊಡೆಯುತ್ತೆ, ಹಿಂದಿನ ದಿನವೂ ಜೋರು, ಮುಂದಿನ ದಿನವೂ ಜೋರು. ಹೋಲಿಸಿ ನೋಡಲು ಬೇಕಾದ, ಗುಡ್ಡ ಜಾರದ ದಿನಗಳನ್ನು ನಾನು ಇಡೀ ಮಳೆಗಾಲದಿಂದ ಕಣ್ಣು ಮುಚ್ಚಿ ಆರಿಸಿದ್ದೆ. ಹಾಗಾಗಿ ಮಾಡೆಲ್ ಕಲಿತದ್ದು ಇಷ್ಟೇ: ಜೋರು ಮಳೆಯ ವಾರ ಯಾವುದು, ಸಾದಾ ವಾರ ಯಾವುದು. ಅದನ್ನು ಹೇಳಲು ಪಿಎಚ್‌ಡಿ ಬೇಕಾ? ಕಿಟಕಿ ಸಾಕು.

"ಎಲ್ಲರೂ ದಿನದ ಲೆಕ್ಕದಲ್ಲೇ ಮಾಡುತ್ತಾರೆ, ಬಿಡು" ಅಂದವರೂ ಇದ್ದರು. ಪೇಪರ್ ನಾನೇ ವಾಪಸ್ ತೆಗೆದುಕೊಂಡೆ. ಪಟ್ಟಿಯಲ್ಲಿದ್ದ ಪ್ರತಿ ಭೂಕುಸಿತಕ್ಕೂ ಗಂಟೆ ಹುಡುಕುತ್ತಾ ಎರಡು ಮಳೆಗಾಲ ಹೋಯಿತು. ಐದು ವರ್ಷಕ್ಕೆ ಫೆಲೋಶಿಪ್ ನಿಂತಿತು. ಕೊನೆಯ ವರ್ಷ ಹುಡುಗರಿಗೆ ಟ್ಯೂಷನ್ ಹೇಳಿ ಪಿಜಿ ಬಾಡಿಗೆ ಕಟ್ಟಿದೆ. ಸರಿ ಮಾಡಿದ ಮೇಲೆ ಹತ್ತಕ್ಕೆ ಒಂಬತ್ತು ಇದ್ದದ್ದು ಆರಕ್ಕೆ ಇಳಿಯಿತು. ಥೀಸಿಸ್‌ನಲ್ಲಿ ಆರು ಅಂತಲೇ ಬರೆದೆ.

ಗಂಟೆ ಹುಡುಕೋದು ಹೇಗೆ ಅಂತ ಕೇಳಿದರೆ, ಇದರಷ್ಟು ಮಜಾ ಕೆಲಸ ಇನ್ನೊಂದಿಲ್ಲ. ಗುಡ್ಡ ಜಾರಿದಾಗ ಎಷ್ಟೋ ಕಡೆ ಮೊದಲು ಉರುಳೋದು ಕರೆಂಟ್ ಕಂಬ. ಲೈನ್ ಟ್ರಿಪ್ ಆದ ಹೊತ್ತು ಸಬ್‌ಸ್ಟೇಷನ್ನಿನ ಪುಸ್ತಕದಲ್ಲಿ ಇರುತ್ತೆ. ಲೈನ್‌ಮನ್ ಜೊತೆ ಒಂದು ಟೀ ಕುಡಿಯಿರಿ. ಹಾಲಿನ ಡೇರಿಗೆ ಆ ದಿನ ಯಾರ ಹಾಲು ಬರಲಿಲ್ಲ ಕೇಳಿ. ವಾಟ್ಸಾಪಿನಲ್ಲಿ ಓಡಾಡಿದ ವಿಡಿಯೋ ನಂಬಬೇಡಿ, ಅದನ್ನು ತೆಗೆದವರ ಫೋನನ್ನೇ ಕೇಳಿ ನೋಡಿ, ಅದರಲ್ಲಿ ಸಮಯ ಇರುತ್ತೆ. 'ಶಾಲೆ ಬಸ್ ಹೋದ ಮೇಲೆ', 'ಹಂಡೆಗೆ ಬೆಂಕಿ ಹಾಕುವ ಮುಂಚೆ', ಹೀಗೆ ಹೇಳುವ ಅಜ್ಜಿಯಂದಿರ ಲೆಕ್ಕ ಅರ್ಧ ಗಂಟೆಯೂ ತಪ್ಪೋದಿಲ್ಲ.

ಇದೆಲ್ಲ ಸ್ಯಾಟಲೈಟ್ ಕೊಡೋದಿಲ್ಲ. ಕೊಡುವುದನ್ನು ಚೆನ್ನಾಗಿ ಕೊಡುತ್ತೆ, ಇಲ್ಲ ಅನ್ನಲ್ಲ. 2024ರ ಜುಲೈ 30ರ ವಯನಾಡು ನೆನಪಿದೆಯಲ್ಲ? ಚಿತ್ರ ನೋಡಿ, ಜಾರಿದ ಜಾಗ 86,000 ಚದರ ಮೀಟರ್, ಕೆಸರು ಹರಿದದ್ದು ಸುಮಾರು 8 ಕಿ.ಮೀ. ಅಂತ ಇಸ್ರೋದವರು ಲೆಕ್ಕ ಕೊಟ್ಟರು. ಆದರೆ ಅದು ನಡುರಾತ್ರಿ ಕಳೆದ ಮೇಲೆ ಒಮ್ಮೆ, ಬೆಳಗಿನ ಜಾವ ಇನ್ನೊಮ್ಮೆ ಬಂತು ಅಂತ ಹೇಳಿದ್ದು ಬದುಕಿ ಉಳಿದ ಜನ. ಅಲ್ಲೂ 30ನೇ ತಾರೀಖಿನ ಮಳೆ ಅನ್ನುವುದರಲ್ಲಿ ಗುಡ್ಡ ಜಾರಿ ಮುಗಿದ ಮೇಲೆ ಎಂಟೂವರೆವರೆಗೆ ಬಿದ್ದದ್ದೂ ಸೇರಿದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ವಾರಗಟ್ಟಲೆ ಮೋಡ. ಮೋಡ ಸರಿದ ಮೇಲೆ ಚಿತ್ರದಲ್ಲಿ ಕೆಂಪು ಗಾಯ ಕಾಣುತ್ತೆ, ಯಾವ ದಿನದ್ದು ಅಂತ ಕಾಣಲ್ಲ.

ಇನ್ನೊಂದು. ನೀವು ಪುಕ್ಕಟೆ ಇಳಿಸಿಕೊಳ್ಳುವ ಎತ್ತರದ ನಕ್ಷೆಯಲ್ಲಿ ಒಂದು ಚೌಕ ಅಂದರೆ 30 ಮೀಟರ್. ಮನೆ ಕಟ್ಟಲು, ಹೋಮ್‌ಸ್ಟೇ ಕಟ್ಟಲು ಜೆಸಿಬಿಯಲ್ಲಿ ನೇರಕ್ಕೆ ಕೊರೆದ ಆರು ಮೀಟರ್ ಬರೆ ಆ ಚೌಕದೊಳಗೆ ಕರಗಿ ಹೋಗುತ್ತೆ. ನಕ್ಷೆಯಲ್ಲಿ ಅದು ಮಟ್ಟಸವಾದ ಜಾಗ. ಮಲಗಿದವರ ಮೇಲೆ ಬೀಳೋದು ಅದೇ ಬರೆ. ಅಂಕಲ್ ಮನೆಯ ಹಿಂದೆಯೂ ಒಂದಿದೆ. ಅದಕ್ಕೆ ಒರಗಿಕೊಂಡ ಹಾಗೆ ಸೌದೆ ಕೊಟ್ಟಿಗೆ, ಪಕ್ಕದಲ್ಲೇ ಅಡುಗೆಮನೆ ಕಿಟಕಿ. ಬರೆಯ ಬುಡದಲ್ಲಿ ಬೆರಳು ಗಾತ್ರದ ತೂತಿನಿಂದ ನೀರು ಬರುತ್ತಿರುತ್ತೆ. ತಿಳಿ ನೀರು ಬಂದರೆ ಚಿಂತೆಯಿಲ್ಲ, ಕೆಂಪಾದರೆ ಆ ರಾತ್ರಿ ಮಗಳ ಮನೆಗೆ ಹೊರಡುತ್ತಾರೆ. ಇದಕ್ಕೆ ಯಾವ ಮಾಡೆಲ್ಲೂ ಹಾಕಿಲ್ಲ ಅವರು.

ಹಿಮಾಲಯವೋ ಘಟ್ಟವೋ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಎರಡೂ ಬೇರೆ ಬೇರೆ ರೋಗ. ನಮ್ಮಲ್ಲಿ ಬಹುಪಾಲು ಮಳೆ ಮತ್ತು ಮಣ್ಣಿನ ಕಥೆ. ಅಲ್ಲಿ ಹಿಮ, ಬಂಡೆ, ಕೆರೆ ಒಡೆಯುವುದು, ಭೂಕಂಪ ಎಲ್ಲ ಇದೆ. 2021ರ ಫೆಬ್ರವರಿ 7ಕ್ಕೆ ಉತ್ತರಾಖಂಡದ ಚಮೋಲಿಯಲ್ಲಿ ರೊಂಟಿ ಶಿಖರದಿಂದ ಬಂಡೆ-ಹಿಮ ಸೇರಿ ಸುಮಾರು 2.7 ಕೋಟಿ ಘನ ಮೀಟರ್ ಕೆಳಗೆ ಬಂತು. ಇನ್ನೂರಕ್ಕೂ ಹೆಚ್ಚು ಜನ ಹೋದರು. ಮಳೆಗಾಲದ ಮಾತೇ ಇಲ್ಲ, ಚಳಿಗಾಲ. ಆದರೆ ಅದು ಬೆಳಿಗ್ಗೆ 10:21ಕ್ಕೆ ಬಿತ್ತು ಅಂತ ನಿಮಿಷದ ಲೆಕ್ಕದಲ್ಲಿ ಗೊತ್ತು, ಭೂಕಂಪ ಮಾಪಕಗಳಲ್ಲಿ ದಾಖಲಾಗಿತ್ತು. ನಮ್ಮ ಮಡಿಕೇರಿಯ ಬರೆಗೆ ಆ ಭಾಗ್ಯ ಇಲ್ಲ. ಹಿಮಾಲಯ ಅಂದರೆ ಪೇಪರ್ ಬೇಗ ಆಗುತ್ತೆ ಅಂತ ಯಾರೋ ನಿಮಗೆ ಹೇಳಿರಬೇಕು. ನೀವು ಕನ್ನಡ ಮಾತಾಡುವವರು. ಲೈನ್‌ಮನ್ ಹತ್ತಿರ, ಅಜ್ಜಿ ಹತ್ತಿರ ನೇರ ಮಾತಾಡಬಲ್ಲಿರಿ. ಆ ಬಂಡವಾಳ ಬಿಟ್ಟು ಜೋಶಿಮಠಕ್ಕೆ ಯಾಕೆ?

ಕೆಲಸ ಸಿಗುತ್ತಾ ಅಂತಲೂ ಕೇಳಿದ್ದೀರಿ. ಸಿಗುತ್ತೆ, ನಿಧಾನಕ್ಕೆ. ಕೋಲ್ಕತ್ತದಲ್ಲಿ ಜಿಎಸ್‌ಐನವರ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ) ಭೂಕುಸಿತ ಮುನ್ಸೂಚನೆ ಕೇಂದ್ರ 2024ರಲ್ಲಿ ಶುರುವಾಗಿದೆ. ಇಲ್ಲೇ ಯಲಹಂಕದಲ್ಲಿ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಇದೆ, ಪಂಚಾಯಿತಿ ಮಟ್ಟದ ಮಳೆಮಾಪಕಗಳ ಲೆಕ್ಕ ಅಲ್ಲಿಗೆ ಬರುತ್ತೆ. ಅದರ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಭೂಕುಸಿತದ ಪಟ್ಟಿಯಲ್ಲಿ ತಾರೀಖಿನ ಪಕ್ಕ 'ಗಂಟೆ' ಅಂತ ಒಂದು ಕಾಲಂ ಹಾಕಿ, ಅದರ ಪಕ್ಕ 'ಯಾರು ಹೇಳಿದರು' ಅಂತ ಇನ್ನೊಂದು. ಎರಡೂ ಖಾಲಿ ಇರುತ್ತೆ. ಮೊದಲ ಮಳೆಗಾಲಕ್ಕೆ ಹತ್ತು ಸಾಲು ತುಂಬಿದರೂ ಸಾಕು. ಜುಲೈನಲ್ಲಿ ಹೋಗುವುದಾದರೆ ಸಾಕ್ಸ್ ಮೇಲೆ ನಶ್ಯದ ಪುಡಿ ಚೆನ್ನಾಗಿ ಉಜ್ಜಿಕೊಳ್ಳಿ, ಇಲ್ಲದಿದ್ದರೆ ಇಂಬಳ (ಜಿಗಣೆ) ಬಿಡೋದಿಲ್ಲ. ಅಂಕಲ್ ನಂಬರ್ ಇಲ್ಲಿ ಹಾಕಲ್ಲ. ಬೆಳಿಗ್ಗೆ ಏಳಕ್ಕೆ ಅವರು ಕಣದಲ್ಲಿ ಇರುತ್ತಾರೆ, ಆ ಹೊತ್ತಿಗೆ ಯಾರ ಫೋನೂ ಎತ್ತುವುದಿಲ್ಲ.