ಬೆಳಿಗ್ಗೆ ಫೇಲ್, ಮಧ್ಯಾಹ್ನ ಪಾಸ್: ವಾಹನ ತಪಾಸಣೆಯಿಂದ ಪ್ರಯೋಜನವಿದೆಯೇ?

ಓದುಗರ ಪತ್ರ (ಸಂಕ್ಷೇಪಿಸಿದೆ): ನನ್ನ ಪೆಟ್ರೋಲ್ ಕಾರಿಗೆ ಹನ್ನೊಂದು ವರ್ಷ. ಹೊಗೆ ತಪಾಸಣೆಯಲ್ಲಿ ಬೆಳಿಗ್ಗೆ ಫೇಲ್ ಆಯಿತು. ಒಂದು ಸ್ಕ್ರೂ ಕೂಡ ತಿರುಗಿಸದೆ ಮಧ್ಯಾಹ್ನ ಮತ್ತೆ ಒಯ್ದರೆ ಪಾಸ್! ಅತ್ತ ಹೊಗೆ ಕಕ್ಕುವ ಡೀಸೆಲ್ ಗಾಡಿಗಳ ಬಳಿಯೂ ಸರ್ಟಿಫಿಕೇಟ್ ಇರುತ್ತದೆ. ಬ್ರೇಕ್, ಟೈರ್ ನೋಡಿಕೊಳ್ಳುವುದು ಮಾಲೀಕನಿಗೆ ಗೊತ್ತಿಲ್ಲವೇ? ನೋಂದಣಿ, ವರ್ಗಾವಣೆ ಎಂದು ಅಲೆಸುವುದು ಯಾರ ಉಪಯೋಗಕ್ಕೆ? ಇದೆಲ್ಲ ಶುಲ್ಕ ವಸೂಲಿಯಲ್ಲದೆ ಮತ್ತೇನು?

ಸಂಪಾದಕರ ಉತ್ತರ:

ನಿಮ್ಮ ಕಾರಿನ ಫಲಿತಾಂಶ ಲಾಟರಿಯಲ್ಲ. ಸೈಲೆನ್ಸರ್‌ಗೆ ಮುಂಚೆ ಕೂತು ಹೊಗೆಯ ವಿಷಾನಿಲಗಳನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಸರಿಯಾಗಿ ಕೆಲಸ ಮಾಡುವುದಿಲ್ಲ. ಹತ್ತಿರದ ಮನೆಯಿಂದ ಬೆಳಿಗ್ಗೆ ಹೊರಟು, ಸರದಿಯಲ್ಲಿ ಎಂಜಿನ್ ಆರಿಸಿ ಕಾದು, ಮತ್ತೆ ಸ್ಟಾರ್ಟ್ ಮಾಡಿ ಪೈಪಿಗೆ ಮೀಟರ್ ಹಾಕಿಸಿದರೆ ಫೇಲ್ ಆಗುವುದು ಸಹಜ. ಮಧ್ಯಾಹ್ನದ ಹೊತ್ತಿಗೆ ಓಡಾಡಿ ಬಿಸಿಯಾಗಿದ್ದರಿಂದ ಪಾಸ್. ಆದರೆ ಹೊಸ ಕನ್ವರ್ಟರ್ ಬೇಗ ಬಿಸಿಯಾಗಿ ಸುಧಾರಿಸಿಕೊಳ್ಳುತ್ತದೆ. ಹಳೆಯದಕ್ಕೆ ಆ ಕಸುವಿಲ್ಲ. ಬಹುಶಃ ನಿಮ್ಮದು ಅಂಚಿಗೆ ಬಂದಿದೆ. ನೀವು ಬೈದ ತಪಾಸಣೆಯೇ ಅದನ್ನು ತಿಳಿಸಿದ್ದು.

ಮುಂದಿನ ಸಲ ಹೋಗುವ ಮುನ್ನ ಹದಿನೈದು ಇಪ್ಪತ್ತು ನಿಮಿಷ ರಸ್ತೆಯ ವೇಗದಲ್ಲಿ ಓಡಿಸಿ. ಸರದಿ ಬರುವವರೆಗೆ ಎಂಜಿನ್ ತೀರಾ ತಣಿಯಲು ಬಿಡಬೇಡಿ. ಸರಿಯಾದ ಪರೀಕ್ಷೆಯಲ್ಲಿ ಎರಡು ಅಳತೆ ಇರುತ್ತವೆ: ಒಂದು ಗಾಡಿ ನಿಂತು ಎಂಜಿನ್ ನಿಧಾನಕ್ಕೆ ಓಡುವ ಐಡಲ್‌ನಲ್ಲಿ, ಇನ್ನೊಂದು 2500ರಿಂದ 3000 ಆರ್‌ಪಿಎಂನಲ್ಲಿ. ಪಾಸ್ ಎಂಬ ಮೊಹರಿನಷ್ಟಕ್ಕೆ ತೃಪ್ತರಾಗದೆ ನಾಲ್ಕು ಅನಿಲಗಳ ಅಂಕಿಗಳಿರುವ ಪ್ರಿಂಟ್ ಕೇಳಿ ಪಡೆಯಿರಿ. ಮೆಕ್ಯಾನಿಕ್‌ಗೆ ಅದು ರಕ್ತ ಪರೀಕ್ಷೆಯ ವರದಿಯಿದ್ದಂತೆ.

ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದು ಲ್ಯಾಂಬ್ಡಾ (ಗಾಳಿ ಮತ್ತು ಪೆಟ್ರೋಲ್ ಬೆರಕೆಯ ಅಳತೆ, ಒಂದಿದ್ದರೆ ಸಮತೋಲ) ಒಂದಕ್ಕಿಂತ ಕೆಳಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಸೋರುವ ಇಂಜೆಕ್ಟರನ್ನು ನೋಡಿಸಿ. ಎಂಜಿನ್ ಬಿಸಿಯಾದರೂ ತಣ್ಣಗಿದೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುವ ಕೂಲಂಟ್ ಸೆನ್ಸರ್ ಇದ್ದೀತು, ಅದನ್ನೂ ನೋಡಿಸಿ. ಹೈಡ್ರೋಕಾರ್ಬನ್ (ಉರಿಯದ ಪೆಟ್ರೋಲ್) ಮಾತ್ರ ಏರಿದ್ದರೆ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿರಬಹುದು: ಪ್ಲಗ್ ಅಥವಾ ಕಾಯಿಲ್. ಕಾರ್ಬನ್ ಡೈಆಕ್ಸೈಡ್ ಸಾಮಾನ್ಯವಾಗಿ 14-15 ಶೇಕಡಾ ಇರಬೇಕು; ಅದು ಇಳಿದು ಆಮ್ಲಜನಕ ಏರಿದ್ದರೆ ಸೈಲೆನ್ಸರ್ ಕೊಳವೆಯ ಜೋಡಣೆಯಲ್ಲಿ ಗಾಳಿ ಸೇರುತ್ತಿದೆ, ಇಲ್ಲವೇ ಪರೀಕ್ಷಿಸುವವ ಪ್ರೋಬನ್ನು (ಮೀಟರಿನ ಕೊಳವೆಯನ್ನು) ಅರ್ಧಕ್ಕೇ ತೂರಿಸಿದ್ದಾನೆ. ಇನ್ನು ಲ್ಯಾಂಬ್ಡಾ 0.97ರಿಂದ 1.03ರೊಳಗೆ ನೆಟ್ಟಗಿದ್ದು, ಎಂಜಿನ್ ಬಿಸಿಯಿದ್ದೂ ಮಾನಾಕ್ಸೈಡ್ ಇಳಿಯದಿದ್ದರೆ ಆಗ ಕನ್ವರ್ಟರಿನ ಮೇಲೆ ಅನುಮಾನ ಪಡಿ. ಈ ಕ್ರಮ ತಪ್ಪಿ ಮೊದಲೇ ಹೊಸ ಕನ್ವರ್ಟರ್ ಹಾಕಿಸಿದವರು ಮಿಸ್ ಹೊಡೆಯುವ ಎಂಜಿನ್ನಿನ ಕೆಳಗೆ ಅದನ್ನೂ ಸುಟ್ಟುಕೊಳ್ಳುತ್ತಾರೆ, ಏಕೆಂದರೆ ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಉರಿಯುತ್ತದೆ.

ಡೀಸೆಲ್ ಬಗ್ಗೆ ನಿಮ್ಮ ದೂರು ನ್ಯಾಯವಾದದ್ದು. ಹಳೆಯ ಹೊಗೆ ಮೀಟರ್ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂದಷ್ಟೇ ಅಳೆಯುತ್ತದೆ. ಕಣ್ಣಿಗೆ ಕಾಣದ ಅತಿಸೂಕ್ಷ್ಮ ಕಣಗಳು ಅದಕ್ಕೂ ಕಾಣುವುದಿಲ್ಲ. ಹಾಗಾಗಿ ಆ ಕಣಗಳನ್ನು ಸೋಸುವ ಪಾರ್ಟಿಕ್ಯುಲೇಟ್ ಫಿಲ್ಟರನ್ನೇ ಕಿತ್ತು ಖಾಲಿ ಡಬ್ಬಿ ಬೆಸುಗೆ ಹಾಕಿಸಿದ ಗಾಡಿಯೂ ಪಾಸ್ ಆಗಬಲ್ಲದು. ಬೆಲ್ಜಿಯಂ 2022ರಲ್ಲಿ, ನೆದರ್ಲೆಂಡ್ಸ್ ಮತ್ತು ಜರ್ಮನಿ 2023ರಲ್ಲಿ ಕಣಗಳನ್ನೇ ಎಣಿಸುವ ಮೀಟರ್ ತಂದದ್ದು ಇದಕ್ಕಾಗಿಯೇ. ನೈಟ್ರೋಜನ್ ಆಕ್ಸೈಡ್‌ಗಳ ಕಥೆ ಇನ್ನೂ ಕಷ್ಟದ್ದು. ಎಂಜಿನ್ ಮೇಲೆ ಭಾರ ಬಿದ್ದು ಉರಿ ಏರಿದಾಗಲೇ ಅವು ಹೆಚ್ಚು ಹುಟ್ಟುವುದು; ನಿಂತ ಗಾಡಿಯಲ್ಲಿ ಅಳೆದರೆ ಏನು ಸಿಕ್ಕೀತು? ತಯಾರಕರೇ ಕಣ್ಣಿಗೆ ಮಣ್ಣೆರಚಬಲ್ಲರು ಎಂಬುದು 2015ರಲ್ಲಿ ಬಯಲಾಯಿತು. ಫೋಕ್ಸ್‌ವ್ಯಾಗನ್‌ನ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ವರ್ತನೆ ಬದಲಿಸುವ ಸಾಫ್ಟ್‌ವೇರ್ ಇತ್ತು.

ಹಾಗೆಂದು ಹೊಗೆ ತಪಾಸಣೆಯನ್ನೇ ಕೈಬಿಡಿ ಎಂಬುದನ್ನು ಒಪ್ಪಲಾಗದು. ಡೆನ್ವರ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೆಡ್‌ಮನ್ ರಸ್ತೆ ಬದಿಯಲ್ಲಿ ಕಿರಣ ಹಾಯಿಸಿ ಓಡುವ ವಾಹನಗಳ ಹೊಗೆ ಅಳೆದಾಗ ಕಂಡದ್ದು ಇದು: ಹತ್ತರಲ್ಲಿ ಒಂದು ವಾಹನ ಒಟ್ಟು ಮಾನಾಕ್ಸೈಡಿನ ಸುಮಾರು ಅರ್ಧವನ್ನು ಉಗುಳುತ್ತದೆ. ಆ ಒಂದನ್ನು ಹಿಡಿಯುವುದೇ ತಪಾಸಣೆಯ ಕೆಲಸ, ಉಳಿದ ಒಂಬತ್ತಕ್ಕೆ ಅದು ಬರೀ ಕಿರಿಕಿರಿ. ಹೊಸ ಕಾರುಗಳನ್ನು ವರ್ಷ ವರ್ಷ ಕರೆಸುವುದು ವ್ಯರ್ಥ ಎಂದು ನಮ್ಮ ಅಭಿಪ್ರಾಯವೂ ಹೌದು.

ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಚ್ಚಿ ನೋಡುವ ಕಡೆ ಇನ್ನೊಂದು ಎಡವಟ್ಟು ಆಗುತ್ತದೆ. ಎಂಜಿನ್ ದೀಪ ಆರಲೆಂದು ಹಿಂದಿನ ರಾತ್ರಿ ಬ್ಯಾಟರಿ ತಂತಿ ಬಿಚ್ಚುವವರಿದ್ದಾರೆ. ದೋಷದ ಕೋಡ್ ಅಳಿಯುತ್ತದೆ ನಿಜ, ಜೊತೆಗೆ ಕನ್ವರ್ಟರ್, ಆಮ್ಲಜನಕ ಸೆನ್ಸರ್ ಮುಂತಾದವನ್ನು ಕಾರು ತಾನೇ ಪರೀಕ್ಷಿಸಿಕೊಂಡ ದಾಖಲೆಯೂ ಅಳಿದು "ಸಿದ್ಧವಿಲ್ಲ" ಎಂದು ಬರುತ್ತದೆ. ತಣ್ಣನೆಯ ಸ್ಟಾರ್ಟ್, ಊರೊಳಗಿನ ಓಟ, ಹೆದ್ದಾರಿಯ ಸ್ಥಿರ ವೇಗ ಇವೆಲ್ಲ ಸೇರಿದ ಕೆಲವು ದಿನಗಳ ಓಡಾಟ ಆಗದೆ ಅದು ಭರ್ತಿಯಾಗದು.

ಬ್ರೇಕ್ ವಿಷಯಕ್ಕೆ ಬರೋಣ. ವಿರೋಧಿಗಳ ಬಳಿ ಗಟ್ಟಿ ವಾದವಿದೆ. ಅಮೆರಿಕದಲ್ಲಿ 2005-07ರ ಅಪಘಾತ ಸಮೀಕ್ಷೆಯಲ್ಲಿ ಕೊನೆಯ ನಿರ್ಣಾಯಕ ಕಾರಣ ವಾಹನದ ದೋಷ ಎಂದು ಕಂಡದ್ದು ಶೇಕಡಾ 2ರಷ್ಟು ಮಾತ್ರ; 94ರಷ್ಟು ಚಾಲಕರದ್ದು. ಖಾಸಗಿ ಕಾರುಗಳ ಯಾಂತ್ರಿಕ ತಪಾಸಣೆಯನ್ನು ನ್ಯೂಜೆರ್ಸಿ 2010ರಲ್ಲಿ ನಿಲ್ಲಿಸಿತು, ಟೆಕ್ಸಸ್ 2025ರಲ್ಲಿ. ಆದರೆ "ಕೊನೆಯ ಕಾರಣ" ಎಂಬಲ್ಲಿ ಒಂದು ಸಿಕ್ಕಿದೆ. ಚಾಲಕ ತಡವಾಗಿ ಬ್ರೇಕ್ ಒತ್ತಿದ ಎಂದು ದಾಖಲಾಗುತ್ತದೆ. ಸವೆಯದ ಟೈರಿದ್ದರೆ ಅದೇ ತಡದಲ್ಲೂ ಗಾಡಿ ನಿಲ್ಲುತ್ತಿತ್ತೇನೋ ಎಂಬುದು ದಾಖಲಾಗುವುದಿಲ್ಲ. ಅದೇ ಸಮೀಕ್ಷೆಯ ವಾಹನ ದೋಷಗಳಲ್ಲಿ ಟೈರ್ ಮೊದಲು, ಬ್ರೇಕ್ ನಂತರ.

ಮಾಲೀಕನಿಗೆ ಗೊತ್ತಾಗುವುದಿಲ್ಲವೇ ಎಂದಿರಿ. ಟೈರ್ ಗೊತ್ತಾಗಬೇಕು: ಅನೇಕ ದೇಶಗಳಲ್ಲಿ ಟೈರಿನ ಮೇಲಿನ ಗೀರುಗಳ ಆಳದ ಕನಿಷ್ಠ ಮಿತಿ 1.6 ಮಿಲಿಮೀಟರ್, ಮಳೆಯ ಹಿಡಿತ 3 ಮಿಲಿಮೀಟರಿಗೇ ಕುಸಿಯತೊಡಗುತ್ತದೆ. ಬ್ರೇಕ್ ಮಾತ್ರ ನಿಧಾನಕ್ಕೆ ಮೋಸ ಮಾಡುತ್ತದೆ. ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಜಾರುವ ಪಿನ್ ತುಕ್ಕು ಹಿಡಿದು ಒಂದು ಚಕ್ರ ಅರ್ಧ ಬಲದಲ್ಲಿ ಹಿಡಿಯುತ್ತಿದ್ದರೂ ದಿನನಿತ್ಯದ ಮೃದು ಒತ್ತಿನಲ್ಲಿ ತಿಳಿಯದು. ಗಟ್ಟಿಯಾಗಿ ಒತ್ತಿದ ದಿನ ಗಾಡಿ ಒಂದು ಬದಿಗೆ ಎಳೆಯುತ್ತದೆ. ಚಕ್ರಗಳನ್ನು ರೋಲರ್ ಮೇಲೆ ತಿರುಗಿಸಿ ಬ್ರೇಕ್ ಒತ್ತುವ ಪರೀಕ್ಷೆ ಎಡ ಬಲ ಚಕ್ರಗಳ ಬಲವನ್ನು ಬೇರೆ ಬೇರೆಯಾಗಿ ತೋರಿಸುತ್ತದೆ. ವ್ಯತ್ಯಾಸ 30 ಶೇಕಡಾ ಮೀರಿದರೆ ಯುರೋಪಿನಲ್ಲಿ ಪಾಸ್ ಇಲ್ಲ. ಬ್ರೇಕ್ ಆಯಿಲ್ ಮಾತ್ರ ಹೆಚ್ಚಿನ ಕಡೆ ಮಟ್ಟ ನೋಡಿ ಬಿಡುತ್ತಾರೆ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲಿನ ಕನಿಷ್ಠ ಕುದಿಬಿಂದು ಹೊಸದರಲ್ಲಿ 230 ಡಿಗ್ರಿ, ತೇವ ಹೀರಿದ ಮೇಲೆ 155. ಇಳಿಜಾರಿನಲ್ಲಿ ಅದು ಕುದ್ದರೆ ಪೆಡಲ್ ಪೊಳ್ಳಾಗುತ್ತದೆ. ಸರ್ಟಿಫಿಕೇಟ್ ಇದ್ದರೂ ಎರಡು ವರ್ಷಕ್ಕೊಮ್ಮೆ ನೀವೇ ಬದಲಾಯಿಸಿ.

ನೋಂದಣಿ ಯಾರ ಉಪಯೋಗಕ್ಕೆ ಎಂದರೆ, ಮೊದಲು ಎರಡನೇ ಮೂರನೇ ಮಾಲೀಕನ ಉಪಯೋಗಕ್ಕೆ. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗ್‌ಗಳೊಳಗಿನ ಅವನ್ನು ಉಬ್ಬಿಸುವ ಅಮೋನಿಯಂ ನೈಟ್ರೇಟ್ ರಾಸಾಯನಿಕ ಸೆಕೆ, ತೇವಕ್ಕೆ ವರ್ಷಗಟ್ಟಲೆ ಸಿಕ್ಕಿ ಕೆಟ್ಟು, ಬಿಚ್ಚಿಕೊಳ್ಳುವಾಗ ಲೋಹದ ಚೂರು ಸಿಡಿಸುತ್ತಿತ್ತು. ಅಪಾಯ ಹೆಚ್ಚಿದ್ದದ್ದು ಹಳೆಯ, ಕೈಯಿಂದ ಕೈಗೆ ಹೋದ ಕಾರುಗಳಲ್ಲಿ. ದೋಷ ಸರಿಪಡಿಸಲು ತಯಾರಕರು ಕಾರನ್ನು ವಾಪಸ್ ಕರೆಯುವಾಗ (ರೀಕಾಲ್) ಅವುಗಳ ಈಗಿನ ಮಾಲೀಕ ಯಾರೆಂದು ಹೇಳುವುದು ನೋಂದಣಿ ದಾಖಲೆ, ಅದೂ ವರ್ಗಾವಣೆ ಮಾಡಿಸಿದ್ದರೆ. ಮಾರುವವರು ಕೊಂಡವರನ್ನು ನಂಬಿ ಕೂರದೆ ತಾವೇ ಮಾರಾಟದ ಸೂಚನೆ ಸಲ್ಲಿಸಿ ಪ್ರತಿ ಇಟ್ಟುಕೊಳ್ಳಬೇಕು. ಕೊಳ್ಳುವವರು ಗಾಜಿನ ಬುಡ, ಬಾಗಿಲ ಕಂಬ, ಚಾಸಿ ಮೂರೂ ಕಡೆಯ 17 ಅಕ್ಷರಗಳ ಗುರುತು ಸಂಖ್ಯೆ ದಾಖಲೆಗೆ ಹೊಂದುತ್ತದೆಯೇ ನೋಡಬೇಕು. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳು ಇರುವುದೇ ಇಲ್ಲ. ಕಂಡರೆ ಅದು ಯಾರೋ ಕೆತ್ತಿದ್ದು. ನಿಮ್ಮ ಕಾರಿನ ಸಂಖ್ಯೆಯನ್ನೂ ಒಮ್ಮೆ ತಯಾರಕರ ರೀಕಾಲ್ ಪುಟದಲ್ಲಿ ಹಾಕಿ ನೋಡಿ. ಬಾಕಿ ಇದ್ದರೆ ಸಾಮಾನ್ಯವಾಗಿ ಆ ಕೆಲಸ ಉಚಿತ.