ಅಜ್ಜಿ, ಮಗ ಇಬ್ಬರಿಗೂ ಆಗುವ ಸಿನಿಮಾ

ಸುರತ್ಕಲ್‌ನಿಂದ ಕೇಳಿದ್ದೀರಿ: ಮಳೆಗೆ ಶಾಲೆಗೆ ರಜೆ, ಮನೆಯಲ್ಲಿ ಅಜ್ಜಿಯೂ ಎಂಟು ವರ್ಷದ ಮಗನೂ ಇದ್ದಾರೆ, ಪತ್ತೇದಾರಿ ಹಾಕಲಾ, ದೆವ್ವದ್ದು ಹಾಕಲಾ ಅಂತ.

ನಾನಾದರೆ ಮೊದಲು ‘ಜೇಡರ ಬಲೆ’ ಹಾಕುತ್ತೇನೆ. 1968ರದ್ದು, ದೊರೆ-ಭಗವಾನ್ ನಿರ್ದೇಶನ, ರಾಜ್‌ಕುಮಾರ್ ಸಿಐಡಿ 999 ಎಂಬ ಪತ್ತೇದಾರ. ಕಪ್ಪು-ಬಿಳುಪು ಅಂತ ಮಗ ಮೂಗು ಮುರಿಯಬಹುದು. ಅಜ್ಜಿ ಮಾತ್ರ ಎದ್ದು ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಹೊಡೆದಾಟ ಬಂದಾಗ ಮಕ್ಕಳು ನಕ್ಕರು, ಅಮ್ಮ ಗದರಿದರು.

ಹೆದರಿಸುವಂಥದ್ದು ಬೇಕಾದರೆ ‘ರಂಗಿತರಂಗ’ (2015), ಮಗ ಮಲಗಿದ ಮೇಲೆ ನೋಡಿ. ಅದರಲ್ಲಿ ‘ಗುಡ್ಡದ ಭೂತ’ದ ಮಾತು ಬರುತ್ತದೆ. ಅದೇ ಹೆಸರಿನ ಧಾರಾವಾಹಿ ದೂರದರ್ಶನದಲ್ಲಿ ಬರುತ್ತಿತ್ತು, ಸದಾನಂದ ಸುವರ್ಣರದ್ದು, ಪ್ರಕಾಶ್ ರೈ ಇದ್ದರು. ಅಜ್ಜಿಗೆ ನೆನಪಿದ್ದರೆ ಅರ್ಧ ರಾತ್ರಿ ಅದರ ಕಥೆಯೇ! ಒಂದು ವಿಷಯ. ಘಟ್ಟದ ಮೇಲಿನ ಗೆಳೆಯರಿಗೆ ಭೂತ ಅಂದರೆ ದೆವ್ವ. ಕರಾವಳಿಯ ನಮಗೆ ಹಾಗಲ್ಲ ಅಲ್ವಾ? ಕೋಲ (ವೇಷ, ಕುಣಿತದ ಸೇವೆ) ಕೊಟ್ಟು, ಕೈಮುಗಿದು, ಕಷ್ಟ ಹೇಳಿಕೊಳ್ಳುವ ದೈವ. ಹಾಗಾಗಿ ನಮ್ಮಮ್ಮ ಹೆದರಲೇ ಇಲ್ಲ. "ಹಾಗೆಲ್ಲ ಆಟ ಆಡಬಾರದು" ಅಂತ ಟಿವಿಗೇ ಬೈದರು.

ಸಾಹಸದ ಸಿನಿಮಾ ಯಾವುದಾದರೂ ಆದೀತು, ಮಗನೇ ಆರಿಸಲಿ.

ಇನ್ನು ಸೌಂಡ್. ಹೆದರಿಕೆ ಅರ್ಧ ಇರುವುದೇ ಅದರಲ್ಲಿ. ನಮ್ಮದು ಹಂಚಿನ ಮನೆ, ಮಳೆ ಜೋರಾದರೆ ಟಿವಿಯಲ್ಲಿ ಪಿಸುಮಾತು ಕೇಳುವುದೇ ಇಲ್ಲ. ಸಣ್ಣ ಸ್ಪೀಕರ್ ಒಂದು ಜೋಡಿಸಿ, ಲೈಟ್ ಆರಿಸಿ. ಕರೆಂಟ್ ಹೋದರೆ ದೆವ್ವದ ಖರ್ಚೂ ಉಳಿಯಿತು!