ದಾವಣಗೆರೆಯ ನಮ್ಮ ಸಣ್ಣ ಕ್ಲಿನಿಕ್‌ಗೆ 12 ಲಕ್ಷ ರೂಪಾಯಿಯ ಅಲ್ಟ್ರಾಸೌಂಡ್ ಯಂತ್ರ ಕೊಳ್ಳುವುದು ಲಾಭವೇ ಎಂದು ತಿಳಿಯುವುದು ಹೇಗೆ?

ಯಂತ್ರವು ಮುಂದಿನ ವರ್ಷಗಳಲ್ಲಿ ಉಳಿಸಿಕೊಡುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸಿ ಕೂಡಿದಾಗ ಆ ಮೊತ್ತ 12 ಲಕ್ಷವನ್ನು ದಾಟಿದರೆ ಮಾತ್ರ ಲಾಭ. ಇಳಿಸುವುದು ಏಕೆಂದರೆ, ಶೇ 12ರ ಬಡ್ಡಿಯ ಲೆಕ್ಕದಲ್ಲಿ ಐದು ವರ್ಷದ ನಂತರ ಬರುವ ಒಂದು ಲಕ್ಷಕ್ಕೆ ಇಂದು ಸುಮಾರು 57 ಸಾವಿರದ ಬೆಲೆಯಷ್ಟೇ ಇರುತ್ತದೆ.

ಒಂದು ಸ್ಕ್ಯಾನಿಂಗ್‌ನಲ್ಲಿ ಜೆಲ್, ಕಾಗದ, ರೇಡಿಯಾಲಜಿಸ್ಟರ ಪಾಲು ಕಳೆದು 500 ರೂಪಾಯಿ ಉಳಿಯುತ್ತದೆ, ದಿನಕ್ಕೆ ನಾಲ್ಕರಂತೆ ತಿಂಗಳಿಗೆ 100 ಸ್ಕ್ಯಾನ್ ಆಗುತ್ತವೆ, ಸಂಬಳ, ವಿದ್ಯುತ್ತು, ನಿರ್ವಹಣಾ ಒಪ್ಪಂದಕ್ಕೆ ತಿಂಗಳಿಗೆ 20 ಸಾವಿರ ಹೋಗುತ್ತದೆ ಎಂದಿಟ್ಟುಕೊಳ್ಳಿ. ಆಗ ವರ್ಷಕ್ಕೆ 3.6 ಲಕ್ಷ ಉಳಿದು, ಐದು ವರ್ಷದ ಉಳಿತಾಯದ ಇಂದಿನ ಮೌಲ್ಯ ಸುಮಾರು 13 ಲಕ್ಷವಾಗುತ್ತದೆ. ಗೆದ್ದಿರಿ, ಆದರೆ ಕೂದಲೆಳೆಯಲ್ಲಿ. ದಿನಕ್ಕೆ ಮೂರೇ ಸ್ಕ್ಯಾನ್ ಆದರೆ ಅದೇ ಮೌಲ್ಯ ಸುಮಾರು 7.6 ಲಕ್ಷಕ್ಕೆ ಕುಸಿಯುತ್ತದೆ, ಏಕೆಂದರೆ ರೋಗಿ ಬರಲಿ ಬಿಡಲಿ ಆ 20 ಸಾವಿರ ತಪ್ಪುವುದಿಲ್ಲ.

ಆದ್ದರಿಂದ ಮಾರಾಟಗಾರರ ಅಂದಾಜನ್ನು ಬದಿಗಿಟ್ಟು, ಕಳೆದ ಮೂರು ತಿಂಗಳಲ್ಲಿ ನೀವು ಹೊರಗೆ ಬರೆದುಕೊಟ್ಟ ಸ್ಕ್ಯಾನಿಂಗ್ ಚೀಟಿಗಳನ್ನೇ ಎಣಿಸಿ. ಎರಡು ವೈದ್ಯಕೀಯ ಕಾಲೇಜುಗಳಿರುವ ಊರಿನಲ್ಲಿ ಆ ಚೀಟಿ ಪಡೆದ ರೋಗಿಗಳೆಲ್ಲರೂ ನಿಮ್ಮಲ್ಲೇ ಉಳಿಯುತ್ತಾರೆಂದು ನಾನಂತೂ ಎಣಿಸುವುದಿಲ್ಲ. ಮುಕ್ಕಾಲು ಪಾಲನ್ನಷ್ಟೇ ಹಿಡಿಯುತ್ತೇನೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯಡಿ ನೋಂದಣಿಯಾಗದ ಕ್ಲಿನಿಕ್‌ಗೆ ಈ ಯಂತ್ರವನ್ನು ಮಾರುವಂತಿಲ್ಲ. ನೋಂದಣಿ ಕೈಸೇರುವ ಮೊದಲೇ ಸಾಲ ಪಡೆದರೆ, ಒಂದು ಸ್ಕ್ಯಾನ್ ಕೂಡ ಆಗದ ತಿಂಗಳುಗಳಿಗೂ ಬಡ್ಡಿ ಕಟ್ಟಬೇಕಾಗುತ್ತದೆ.